ಟವೆಲ್ಲಿನ ಕೆಳಗೆ ಕಾರಿನ ವ್ಯಾಪಾರ

ಮೋಟೆಬೆನ್ನೂರಿನ ಅಜ್ಜನೊಬ್ಬ ನನ್ನ ಬಲಗೈ ಹಿಡಿದು, ಅದರ ಮೇಲೆ ತನ್ನ ಟವೆಲ್ ಮುಚ್ಚಿ, ಬೆರಳುಗಳನ್ನು ಮೆಲ್ಲಗೆ ಒತ್ತಿದ. ದನದ ಪೇಟೆಯಲ್ಲಿ ಗುಟ್ಟಾಗಿ ಬೆಲೆ ಕೇಳುವುದು ಹೀಗೆಯೇ. ಆದರೆ ನಾವಿದ್ದದ್ದು ಹಾವೇರಿಯ ಮೈದಾನದಲ್ಲಿ, ಹಳೇ ಕಾರುಗಳ ಪ್ರದರ್ಶನದಲ್ಲಿ! ತೊಂಬತ್ತರ ದಶಕದ ಮಾತಿದು.

ಅಪ್ಪನ ಕಾಲದ ನಮ್ಮ ಕರಿ ಕಾರಿಗೆ ಅಜ್ಜ ಆಗಲೇ ಒಂದು ಸುತ್ತು ಹಾಕಿ, ಹೋರಿಯ ಹಲ್ಲು ನೋಡುವಂತೆ ಬಾನೆಟ್ ಎತ್ತಿಸಿ ಇಣುಕಿದ್ದ.

“ಯಾರಿಗರ ಕೊಟ್ಟು ಬರ್ರಿ, ಅಂಗಳಾರ ಖುಲ್ಲಾ ಆಗ್ಲಿ” ಎಂದು ಹೆಂಡತಿ ಬೆಳಿಗ್ಗೆ ಹೇಳಿ ಕಳಿಸಿದ್ದಳು. ಈಗ ಗಿರಾಕಿ ತಾನಾಗಿಯೇ ಬಂದಿದ್ದ. ಆದರೂ ನನ್ನ ಬಾಯಿಂದ ಹೊರಟದ್ದು, “ಇದು ಮಾರಾಕಲ್ಲ ಯಜ್ಜಾ, ಬರೇ ತೋರಸಾಕ.”

ಅಜ್ಜ ಟವೆಲ್ ಝಾಡಿಸಿ ಹೆಗಲಿಗೇರಿಸಿದ. “ಮಾರಾಂಗಿಲ್ಲಂದ್ರ ಪ್ಯಾಟಿಗ್ಯಾಕ ಹೊಡಕೊಂಡು ಬಂದಿಯೋ ತಮ್ಮಾ?”

ಸುತ್ತಲಿದ್ದವರೆಲ್ಲ ನಕ್ಕರು. ಅಜ್ಜ ಹೊರಡುವಾಗ ಮಾತ್ರ ಎತ್ತಿನ ಬೆನ್ನು ಚಪ್ಪರಿಸುವಂತೆ ಬಾನೆಟ್ ತಟ್ಟಿ ಹೋದ.

ಮನೆಗೆ ಬಂದು ಇದನ್ನು ಹೇಳಿದ ಮೇಲೆ ಹೆಂಡತಿ ಮಾರುವ ಮಾತೆತ್ತಿಲ್ಲ. ಕಾರು ಒರೆಸಿ ನಾನು ಪ್ರದರ್ಶನಕ್ಕೆ ಹೊರಟರೆ ಬಾಗಿಲಲ್ಲಿ ನಿಂತು ಹೇಳುತ್ತಾಳೆ: “ಪ್ಯಾಟಿಗೇನ್ರಿ? ಲಗೂ ಬರ್ರಿ, ಇಬ್ರಿಗೂ ಮೇವು ಇಟ್ಟಿರ್ತೀನಿ.”