ಕಣ್ಣಿಲ್ಲದ ನೆಂಟನಿಗೆ ದಾರಿ ತೋರಿಸುವಾಕೆ

ಬೆಳಗಿನ ಐದೂವರೆ. ಒಲೆಯ ಮೇಲೆ ಹಾಲು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್. ಹಾಲು ಉಕ್ಕುತ್ತದೆ. ಒಲೆ ಆರಿಸಿ, ಒರೆಸಿ, ಈಕೆ ಮತ್ತೆ ಬಂದು ಕೂರುತ್ತಾರೆ. ಯಾರದೋ ಬೇಕರಿಯ ವೆಬ್‌ಸೈಟು. ಚಿತ್ರಗಳನ್ನೆಲ್ಲ ಮರೆಮಾಡಿ ಬರೀ ಅಕ್ಷರ ಓದುತ್ತಾರೆ. ಕೇಕುಗಳ ಚಿತ್ರ ತೆಗೆದರೆ ಪುಟದಲ್ಲಿ ಉಳಿಯುವುದು ‘ಸ್ವಾಗತ’ ಒಂದೇ.

“ಇಂಟರ್ನೆಟ್ ಸರ್ಚಿನವರು ಸೈಟು ಓದೋಕೆ ಕಳಿಸೋ ರೋಬೋಟು ಪ್ರೋಗ್ರಾಮು ಕಣ್ಣಿಲ್ಲದ ನೆಂಟ ಇದ್ದ ಹಾಗೆ. ಎಲ್ಲಾ ಮಾತಲ್ಲೇ ಹೇಳ್ಬೇಕು, ಕೈ ಹಿಡಿದು ಪುಟದಿಂದ ಪುಟಕ್ಕೆ ಕರ್ಕೊಂಡು ಹೋಗ್ಬೇಕು. ಅವನು ಒಳಗೆ ಬರದಿದ್ರೆ ಯಾರು ಹುಡುಕಿದ್ರೂ ಅಂಗಡಿ ಸಿಗಲ್ಲ.”

ಅಂಗಡಿಗಳ ಸೈಟು ಸರ್ಚಿನಲ್ಲಿ ಸಿಗುವಂತೆ ಮಾಡುವುದೇ ಇವರ ಕೆಲಸ: ದಿನಕ್ಕೆ ಇನ್ನೂರು ಪುಟ ನೋಡಬೇಕು, ಮೂವತ್ತು ನಲವತ್ತು ಮುರಿದ ಕೊಂಡಿಗಳನ್ನು, ಅಂದರೆ ಲಿಂಕುಗಳನ್ನು, ಸರಿಪಡಿಸಬೇಕು. ಮೊದಲು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದರು. ಅದು ಮುಚ್ಚಿದ ಮೇಲೆ ಇದನ್ನು ಕಲಿತು ಹನ್ನೊಂದು ವರ್ಷ. ಅತ್ತೆ ನೆರೆಹೊರೆಯವರಿಗೆ “ನಮ್ಮ ಸೊಸೆ ಕಂಪ್ಯೂಟರ್ ಗುಡಿಸ್ತಾಳೆ” ಅನ್ನುತ್ತಾರೆ. ಸುಳ್ಳೇನಲ್ಲ ಬಿಡಿ.

ಸಿಟ್ಟಿರುವುದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ ಇಟ್ಟಿರುವ ಇವರ ಅಕ್ಕನಿಗೆ. ನಾಲ್ಕು ತಿಂಗಳ ಹಿಂದೆ ತಂಗಿಯೇ ಮಾಡಿಕೊಟ್ಟ ವೆಬ್‌ಸೈಟು ಸರ್ಚಿನಲ್ಲಿ ಕಾಣುವುದೇ ಇಲ್ಲ. ಹೊಸ ಗಿರಾಕಿ ಬರದಿದ್ದರೆ ತಿಂಗಳ ಕೊನೆಗೆ ಅಂಗಡಿಗೆ ಬೀಗ. ಇವರ ಬಗ್ಗೆ ಬರೆಯಲು ಬಂದ ನಾನು ಕೂತಿದ್ದಾಗಲೇ ಫೋನು ಬರುತ್ತದೆ, ಅಕ್ಕನ ಕೂಗು ನನಗೂ ಕೇಳುತ್ತದೆ: “ಊರಿಗೆ ಉಪಕಾರಿ, ಮನೆಗೆ ಮಾರಿ!”

ತಂಗಿ ಮತ್ತೊಮ್ಮೆ ಆ ಸೈಟು ತೆರೆಯುತ್ತಾರೆ. ಪುಟಗಳು ಸರಿ, ಕೊಂಡಿಗಳು ಸರಿ. ಕೊನೆಗೆ ರೋಬೋಟಿಗೆಂದೇ ಬರೆದಿಡುವ ಪುಟ್ಟ ಕಡತ ತೆರೆದವರು ಹಣೆ ಚಚ್ಚಿಕೊಳ್ಳುತ್ತಾರೆ. ಬೇರೆಯವರ ಸೈಟಾಗಿದ್ದರೆ ಮೊದಲು ನೋಡುತ್ತಿದ್ದುದೇ ಅದನ್ನು. ತಾನು ಮಾಡಿದ್ದು ತಪ್ಪಿರಲಾರದು ಎಂಬ ಧೈರ್ಯ!

“ಅಯ್ಯೋ ನನ್ನ ಬುದ್ಧಿಗಿಷ್ಟು! ಸೈಟು ಅರ್ಧಂಬರ್ಧ ಇರೋವಾಗ ‘ಒಳಗೆ ಬರಬೇಡ’ ಅಂತ ಬರೆದಿಡ್ತೀವಿ. ಮುಗಿದ ಮೇಲೆ ಅಳಿಸ್ಬೇಕು. ನಾನು ಅಳಿಸೇ ಇಲ್ಲ! ಪಾಪ, ಆ ನೆಂಟ ನಾಲ್ಕು ತಿಂಗಳು ಬಾಗಿಲ ತನಕ ಬಂದು ಮರ್ಯಾದೆಯಿಂದ ವಾಪಸ್ ಹೋಗಿದಾನೆ.” ಒಂದೇ ಸಾಲು ಅಳಿಸಿ ನನ್ನ ಕಡೆ ತಿರುಗುತ್ತಾರೆ. “ಇದನ್ನ ಮಾತ್ರ ಬರೀಬೇಡಿ.”

ಅಕ್ಕನಿಗೆ ಅವರೇ ಹೇಳಿ, ಬೈಸಿಕೊಂಡದ್ದರಿಂದ ಬರೆಯುತ್ತಿದ್ದೇನೆ.

ಹತ್ತು ದಿನ ಬಿಟ್ಟು ಅಂಗಡಿಗೆ ಹೋದರೆ ಐದು ಮೆಷಿನ್‌ಗಳು ಸಾಲಾಗಿ ಕಾಯುತ್ತಿವೆ, ಬೀಗದ ಮಾತಿಲ್ಲ. “ಇವಳ ಕೆಲಸ ಏನು ಅಂತ ಈಗ ಗೊತ್ತಾಯ್ತು,” ಎನ್ನುತ್ತಾರೆ ಅಕ್ಕ, ಕೈಯ ಎಣ್ಣೆ ಒರೆಸುತ್ತ. “ಬಾಗಿಲು ಹಾಕೋದೂ ಇವಳೇ, ತೆಗೆಯೋದೂ ಇವಳೇ.” ಅಷ್ಟರಲ್ಲಿ ಫೋನು ಬರುತ್ತದೆ, ನನ್ನನ್ನು ಮರೆಯುತ್ತಾರೆ.

ಸಂಜೆ ಅದೇ ಅಡುಗೆಮನೆಯಲ್ಲಿ ತಂಗಿಯನ್ನು ಕೇಳುತ್ತೇನೆ: ನಿಮ್ಮ ಆಸೆ ಏನು?

“ನಾನು ಫೋನ್ ಮಾಡಿದಾಗೆಲ್ಲ ಅಕ್ಕನ ಲೈನು ಬ್ಯುಸಿ ಬರ್ಬೇಕು, ಅಷ್ಟೇ.” ಹಾಲಿನ ಕಡೆ ಕಣ್ಣಿಟ್ಟು ಸಣ್ಣಗೆ ನಗುತ್ತಾರೆ. “ಇವತ್ತು ಎರಡು ಸಲ ಬ್ಯುಸಿ ಬಂತು.”