ಮೇಪಲ್ ಗಿಡಕ್ಕೆ ಮಾಡಿದ ಬಾಣಂತನ

ಫ್ರಿಜ್ಜಿನ ಒಳಗಿಗಿಂತ ಹೊರಗೇ ಹೆಚ್ಚು ತಣ್ಣಗಿರುವ ಊರೂ ಇದೆಯೆಂದು ಹರಿಹರದಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿರುವ ಮಗಳ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ, ಬಾಲ್ಕನಿಯಲ್ಲಿ ಮರೆತಿಟ್ಟ ಮೊಸರು ಕಲ್ಲಾಗಿತ್ತು. ಅದರ ಪಕ್ಕದಲ್ಲೇ ಎರಡು ಬೋನ್ಸಾಯ್ ಮೇಪಲ್ ಗಿಡಗಳು, ಮೊಳದುದ್ದ, ಒಂದೆಲೆಯೂ ಇಲ್ಲದೆ ನಿಂತಿದ್ದವು. ಕೆಳಗಿನ ಮನೆಯ ಇಂಗ್ರಿಡ್ ಎಂಬ ಅಜ್ಜಿ ವರ್ಷಗಟ್ಟಲೆ ಸಾಕಿ ಮಗಳಿಗೆ ಕೊಟ್ಟವು.

ಮಗಳು ಶೋಭಾ ತಿಂಗಳ ಮಟ್ಟಿಗೆ ಹೆಲ್ಸಿಂಗ್‌ಬೋರ್ಯ್‌ಗೆ ಕೆಲಸಕ್ಕೆ ಹೋಗುವಾಗ, "ಅಪ್ಪಾ, ಗಿಡ ಹೊರಗೇ ಇರ್ಲಿ, ಮುಟ್ಟಬೇಡಿ" ಅಂದಿದ್ದಳು. ಮನಸ್ಸು ಕೇಳಲಿಲ್ಲ. ಒಂದನ್ನು ಒಳಗೆ ತಂದೆ. ಇನ್ನೊಂದರ ಕುಂಡ ಮಂಜುಗಡ್ಡೆಯಲ್ಲಿ ನೆಲಕ್ಕೆ ಕಚ್ಚಿಕೊಂಡಿತ್ತು, ಏಳಲಿಲ್ಲ. ಅದು ಅದರ ಪುಣ್ಯ.

ತಂದ ಗಿಡಕ್ಕೆ ನಮ್ಮ ಕಡೆಯ ಬಾಣಂತನವನ್ನೇ ಮಾಡಿದೆ. ಕಿಟಕಿ ಮುಚ್ಚಿದ ಕೋಣೆ, ಹೀಟರಿನ ಪಕ್ಕ ಜಾಗ, ಉಗುರುಬೆಚ್ಚಗಿನ ನೀರು, ಕುಂಡಕ್ಕೆ ನನ್ನದೇ ಮಫ್ಲರು. ಗಿಡ ಚಿಗುರಿತು. ನಾನು ಬೀಗಿದೆ. ಆಮೇಲೆ ಚಿಗುರು ಬಿಳಿಚಿ, ಜೋತುಬಿದ್ದು, ಒಣಗಿತು. ಶೋಭಾ ಬರುವ ಹಿಂದಿನ ದಿನ ಅದನ್ನು ಮತ್ತೆ ಹೊರಗಿಟ್ಟೆ. "ಚಳಿಗೆ ಹೋಯ್ತಮ್ಮ" ಅಂದೆ.

ಇಂಗ್ರಿಡ್ ಫೀಕಾಕ್ಕೆ ಬಂದರು. ಫೀಕಾ ಎಂದರೆ ಕಾಫಿ, ತಿಂಡಿ, ಆತುರವಿಲ್ಲದ ಮಾತು. ಒಣಗಿದ ಚಿಗುರನ್ನು ಬೆರಳಲ್ಲಿ ಮುಟ್ಟಿ ಕೇಳಿದರು. ಶೋಭಾ ಕನ್ನಡಕ್ಕೆ ತಿರುಗಿಸಿದಳು: "ಚಳಿಗಾಲದಲ್ಲಿ ಎಲೆ ಹೇಗೆ ಬಂತು, ಬಸವರಾಜ್, ಅಂತಿದಾರೆ."

ಊರಲ್ಲಿ ನನ್ನನ್ನು ಅಣ್ಣ, ಮಾವ ಅನ್ನದೆ ಕರೆದವರಿಲ್ಲ. ಇಲ್ಲಿ ಎಲ್ಲರೂ ಬರೀ ಹೆಸರು. ಆ ಬರೀ ಹೆಸರಿನ ಹಿಂದೆ ಅವಿತುಕೊಳ್ಳಲು ಜಾಗವೇ ಇರಲಿಲ್ಲ. ಎಲ್ಲ ಹೇಳಿಬಿಟ್ಟೆ.

"ನನಗೆ ಸುಳ್ಳು ಹೇಳಿದ್ದನ್ನ ನಾನೇ ಸ್ವೀಡಿಷ್‌ನಲ್ಲಿ ಹೇಳ್ಬೇಕಾ?" ಎಂದು ಶೋಭಾ ನನ್ನನ್ನೇ ನೋಡಿದಳು. ಆದರೂ ಹೇಳಿದಳು.

ಇಂಗ್ರಿಡ್ ಬೈಯಲಿಲ್ಲ. ಅದು ಮಲಗಿತ್ತು, ನೀವು ಎಬ್ಬಿಸಿದಿರಿ ಅಂದರು. ಕೊಂಬೆಗೆ ಚಳಿ ಬೇಕು, ಕುಂಡದ ಬೇರನ್ನಷ್ಟೇ ಕಾಯಬೇಕಂತೆ. ಉಳಿದ ಗಿಡವನ್ನು ಆ ವರ್ಷ ಅವರೇ ಕೆಳಗೊಯ್ದು ಉಳಿಸಿದರು.

ಈ ಚಳಿಗಾಲ ಅದನ್ನು ನಾನೇ ಕೇಳಿ ಪಡೆದೆ. ಅಂಗಳದಲ್ಲಿ ಗಾಳಿ ತಾಗದ ಗೋಡೆಯ ಬುಡಕ್ಕೆ ಮರದ ಪೆಟ್ಟಿಗೆ ಇಟ್ಟು, ಕುಂಡವನ್ನು ಒಣ ಎಲೆಯಲ್ಲಿ ಕಂಠಮಟ್ಟ ಹೂತಿದ್ದೇನೆ. ಹಿಮ ಬಿದ್ದರೆ ಗುಡಿಸುವುದಿಲ್ಲ, ಮೇಲೆ ಇನ್ನಷ್ಟು ಪೇರಿಸುತ್ತೇನೆ, ಹಿಮವೇ ಕಂಬಳಿಯಂತೆ. ಒಳಗೆ ತರುವ ಆಸೆ ದಿನವೂ ಹುಟ್ಟುತ್ತದೆ. ತರುವುದಿಲ್ಲ.

ಮೊನ್ನೆ ತಮ್ಮ ರುದ್ರೇಶಿ ಫೋನಿನಲ್ಲಿ, "ಯುಗಾದಿಗಾದ್ರೂ ಬಾರಣ್ಣ. ಎಲೆ ಇಲ್ಲದ ಕಡ್ಡಿ ಕಾಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದ.

"ಅದು ಚಿಗುರಲಿ, ಬರ್ತೀನಿ."

ಫೋನಿಟ್ಟ ಮೇಲೆ ಊರಿನ ಮನೆಯ ಮುಂದಿನ ಬೇವಿನ ಹೂವಿನ ವಾಸನೆ ಮೂಗಿಗೆ ಬಂದಂತಾಯಿತು. ಆ ಬೇವು ನಾನಿಲ್ಲದೆಯೂ ಹೂ ಬಿಡುತ್ತದೆ. ಮಂಕಿಕ್ಯಾಪು ಎಳೆದುಕೊಂಡು ಅಂಗಳಕ್ಕಿಳಿದು, ಪೆಟ್ಟಿಗೆಯ ಮೇಲೆ ಇನ್ನೊಂದು ಬೊಗಸೆ ಹಿಮ ಹಾಕಿದೆ.