ಮುನಿಶಾಮಮ್ಮನ ಬೆಂಕಿಪೊಟ್ಟಣ

ಸಾದಲಿಯ ಮುನಿಶಾಮಮ್ಮನ ಎಲೆಅಡಿಕೆ ಚೀಲದಲ್ಲಿ ಸದಾ ಒಂದು ಬೆಂಕಿಪೊಟ್ಟಣ ಇರುತ್ತದೆ. ಅದರೊಳಗೆ ಕಡ್ಡಿ ಇರುವುದಿಲ್ಲ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ನಾಲ್ಕೈದು ಗುಲಗಂಜಿ ಹುಳುಗಳಿರುತ್ತವೆ. ಗುಲಾಬಿಗೆ ಹೇನು ಹತ್ತಿದೆ, ದಾಸವಾಳದ ಮೊಗ್ಗೆಲ್ಲ ಅಂಟಂಟು ಎನ್ನುತ್ತ ಊರ ಹೆಂಗಸರು ಮೊಸರಿಗೆ ಹೆಪ್ಪು ಕೇಳುವಂತೆ ಬಂದು ಈ ಹುಳು ಕೇಳುತ್ತಾರೆ.

ಇದು ಶುರುವಾದದ್ದು ಹೋದ ವರ್ಷ ಅವರೆ ಹೂಬಿಡುವ ಕಾಲದಲ್ಲಿ, ಒಂದು ಬದುವಿನ ಮೇಲೆ. ಬದುವಿನ ಈಚೆ ಆಕೆಯ ಹಿಪ್ಪುನೇರಳೆ ತೋಟ, ಆಚೆ ಮುನಿಗಂಗಪ್ಪನ ಅವರೆ ಹೊಲ. ಅವರೆಯ ಕುಡಿಗಳಿಗೆ ಎಳ್ಳು ಮೆತ್ತಿದಂತೆ ಕರಿ ಹೇನು. ಇತ್ತ ಮುನಿಶಾಮಮ್ಮನ ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ವಾರವಿಡೀ ಹಿಪ್ಪುನೇರಳೆ ಸೊಪ್ಪು ಮೇಯುತ್ತವೆ. ಆ ಸೊಪ್ಪಿಗೆ ಚೂರು ವಿಷ ತೂರಿ ಬಂದರೂ ಇಡೀ ರೇಷ್ಮೆ ಬೆಳೆ ಹೋಯಿತು. ಅಂಥ ಬೆಳಿಗ್ಗೆಯೇ ಮುನಿಗಂಗಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು, ಕೈಯಲ್ಲಿ ಬಾಟಲಿ ಹಿಡಿದು ಬಂದ.

"ಏನಪ್ಪಾ ಅದು?"

"ಔಷಧಿ ಕಣಕ್ಕ. ಅಂಗಡಿಯೋನು ಕೊಟ್ಟ."

"ಔಷಧಿ ಆದ್ರೆ ನಿನ್ನ ಕೆಮ್ಮಿಗೂ ಒಂದು ಮುಚ್ಚಳ ಹಾಕ್ಕೋ."

ಕೊಲ್ಲುವ ಸರಕಿಗೆ ಔಷಧಿ ಎಂದು ಹೆಸರಿಟ್ಟು ಮಾರುವವರಿಗೆ ನಾಚಿಕೆಯಾಗಬೇಕು. ಪಕ್ಕದ ಹೊಲದಲ್ಲಿ ಏನು ಬೆಳೆದಿದೆ ಎಂದು ಆ ಅಂಗಡಿಯವನು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಬಾಟಲಿ ಖರ್ಚಾಗುವುದು ಹೇಗೆ?

"ಬೇವಿನೆಣ್ಣೆ ಹೊಡೀಲಾ ಹಂಗಾದ್ರೆ? ಅದು ಗಿಡದ್ದೇ ತಾನೆ?" ಎಂದ ಮುನಿಗಂಗಪ್ಪ.

"ರೇಷ್ಮೆಹುಳಕ್ಕೆ ಬೇವೂ ಆಗಲ್ಲ, ಹೊಗೆಸೊಪ್ಪಿನ ನೀರೂ ಆಗಲ್ಲ. ನಾಲ್ಕು ದಿನ ಕೊಡು. ಹೇನು ತಗ್ಗದಿದ್ರೆ ನಿನ್ನಿಷ್ಟ."

"ನಾಲ್ಕೇ ದಿನ ಅಕ್ಕ. ಐದನೇ ದಿನ ನಾನು ಕೇಳೋನಲ್ಲ."

ಮುನಿಶಾಮಮ್ಮ ಬೋರ್‌ವೆಲ್ ಪೈಪು ಎಳೆದುತಂದಳು. ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಗಳ ಅಡಿಗೆ ರಭಸದಿಂದ ನೀರು ಹಾರಿಸಿ ಹೇನು ಉದುರಿಸಿದಳು. ತೀರಾ ಮೆತ್ತಿಕೊಂಡಿದ್ದ ಕುಡಿಗಳನ್ನು ಚಿವುಟಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿದಳು. ಮೂರನೇ ದಿನ ಸಂಜೆ ಕೆರೆಯಂಗಳದ ಹಲಸಂದೆಯಿಂದ ಗುಲಗಂಜಿ ಹುಳುಗಳನ್ನು ಮರಿಗಳಿದ್ದ ಎಲೆಗಳ ಸಮೇತ ಕಿತ್ತುತಂದು ಅವರೆಯ ಮೇಲೆ ಹರಡಿದಳು.

ಬೆಳಿಗ್ಗೆ ಬಂದು ನೋಡಿದರೆ ಮುನಿಗಂಗಪ್ಪ ಬಗ್ಗಿ ಏನನ್ನೋ ಹೊಸಕುತ್ತಿದ್ದ.

"ಹೇನು ಹೋಯ್ತು ಅನ್ನೋಷ್ಟರಾಗೆ ಹುಳ ಬಂತಲ್ಲಕ್ಕ. ಕರ್ರಗೆ, ಮೈಯೆಲ್ಲ ಮುಳ್ಳು. ಹತ್ತು ಮುಗಿಸಿದೆ."

ಮುನಿಶಾಮಮ್ಮ ಅಲ್ಲೇ ಕುಕ್ಕರಿಸಿದಳು. "ಅಯ್ಯೋ, ಅದು ಗುಲಗಂಜಿ ಮರಿ ಕಣಪ್ಪ. ತಾಯಿಗಿಂತ ಜಾಸ್ತಿ ಹೇನು ತಿನ್ನೋದು ಅದೇ."

"ಕೆಂಪುಹುಳದ ಮರಿ ಹಿಂಗಿರುತ್ತಾ?"

ಆಕೆ ಒಂದು ಎಲೆ ತಿರುವಿ, ಅಂಟಿಕೊಂಡಿದ್ದ ಒಣ ಪೊರೆಯೊಂದನ್ನು ತೋರಿಸಿದಳು. "ಮೂವತ್ತು ವರ್ಷದಿಂದ ನಮ್ಮನೆ ಹುಳ ನೋಡಿದೀಯ. ರೇಷ್ಮೆಹುಳ ತನ್ನ ಚಿಟ್ಟೆ ಥರ ಇರುತ್ತಾ? ಇದಕ್ಕೂ ಜ್ವರ ಬರುತ್ತೆ, ಪೊರೆ ಬಿಡುತ್ತೆ, ಏಳುತ್ತೆ."

ಮುನಿಗಂಗಪ್ಪ ಆ ಪೊರೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ. ಪಕ್ಕದ ಕುಡಿಯ ಮೇಲೆ ಅಂಥದ್ದೇ ಇನ್ನೊಂದು ಮರಿ ಹೇನೊಂದನ್ನು ಕಚ್ಚಿ ಹಿಡಿದಿತ್ತು. ಅವನು ಬದುವಿನ ಮೇಲಿಟ್ಟಿದ್ದ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡ.

"ಮುಚ್ಚಳ ಒಡೆದಿಲ್ಲ. ವಾಪಸ್ ಕೊಟ್ಟು ಬರ್ತೀನಿ."

ಐದನೇ ದಿನವೂ ಹೇನು ಪೂರ್ತಿ ಹೋಗಿರಲಿಲ್ಲ. ಆದರೆ ಹೂವು ಕಾಯಿಗೆ ತಿರುಗಿತ್ತು. ಬದುವಿನ ಈಚೆಯ ಸೊಪ್ಪು ತಿಂದು ರೇಷ್ಮೆಹುಳುಗಳು ಮೇವು ಸಾಕಾಗಿ ಹಣ್ಣಾದವು, ಚಂದ್ರಿಕೆಯೆಂಬ ಬಿದಿರಿನ ತಟ್ಟೆ ಏರಿ ಗೂಡು ಕಟ್ಟಿದವು.

ಗೂಡು ಬಿಡಿಸುವ ದಿನ ಮುನಿಗಂಗಪ್ಪ ಒಂದು ಮೊರ ಸೊಗಡವರೆ ತಂದು ಜಗಲಿಯ ಮೇಲಿಟ್ಟ.

"ಮನೆಮುಂದಿನ ಗುಲಾಬಿ ಕುಂಡಕ್ಕೆ ಹೇನು ಹತ್ತಿದೆ. ಒಂಚೂರು ಹೆಪ್ಪು ಕೊಡಕ್ಕ."

"ಹೊಸಕೋರಿಗೆ ಕೊಡಲ್ಲ," ಎನ್ನುತ್ತಲೇ ಮುನಿಶಾಮಮ್ಮ ಬೆಂಕಿಪೊಟ್ಟಣ ಹುಡುಕತೊಡಗಿದಳು.